ಮಂಗನ ಕಾಯಿಲೆ ಕಲಿಸಿದ ಪಾಠ

ವಿಜ್ಞಾನವೆಂದರೆ ಪಟ್ಟಣದ ಪ್ರಯೋಗಾಲಯದ ಮಾತು ಎಂದುಕೊಳ್ಳುವವರು ನಮ್ಮಲ್ಲಿ ಈಗಲೂ ಇದ್ದಾರೆ. ಆದರೆ ಜಗತ್ತಿನ ವೈರಾಣುಶಾಸ್ತ್ರದ ಪುಸ್ತಕಗಳಲ್ಲಿ ನಮ್ಮ ಸೊರಬ ತಾಲ್ಲೂಕಿನ ಒಂದು ಊರಿನ ಹೆಸರಿದೆ. ಅದು ಕ್ಯಾಸನೂರು.

1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗ, ಮುಸಿಯಗಳು ಸಾಯತೊಡಗಿದವು. ಸೌದೆ, ಸೊಪ್ಪಿಗೆಂದು ಕಾಡಿಗೆ ಹೋದವರು ಜ್ವರ ಹಿಡಿದು ಮಲಗಿದರು. ಎರಡಕ್ಕೂ ಸಂಬಂಧವಿದೆ ಎಂದು ಊರಿನವರು ಗಮನಿಸಿದ್ದರು. ‘ಮಂಗನ ಕಾಯಿಲೆ’ ಎಂದು ಅವರು ಇಟ್ಟ ಹೆಸರೇ ಅದಕ್ಕೆ ಸಾಕ್ಷಿ.

ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ, ಟಿ. ರಾಮಚಂದ್ರ ರಾವ್ ಮೊದಲಾದ ವಿಜ್ಞಾನಿಗಳು ಈ ರೋಗದ ಬೆನ್ನು ಹತ್ತಿದರು. ದಕ್ಷಿಣ ಅಮೆರಿಕದಲ್ಲಿ ಹಳದಿ ಜ್ವರ ಬಂದಾಗಲೂ ಮಂಗಗಳು ಹೀಗೆಯೇ ಸಾಯುತ್ತವೆ. ಆ ಜ್ವರ ಭಾರತಕ್ಕೂ ಬಂತೇ ಎಂಬುದು ಮೊದಲ ಆತಂಕ. ಆದರೆ ಸಿಕ್ಕಿದ್ದು ಹೊಸ ವೈರಾಣು. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮೆದುಳು ಜ್ವರದ ವೈರಾಣುವಿಗೆ ಅದು ಹತ್ತಿರದ್ದು. ಇಲ್ಲಿಯೂ ಹರಡುವುದು ಉಣುಗೇ ಎಂದು ತಿಳಿಯಿತು.

ಮೊದಲ ವರ್ಷಗಳಲ್ಲಿ ಸೊರಬ, ಶಿಕಾರಿಪುರ, ಸಾಗರ ತಾಲ್ಲೂಕುಗಳಲ್ಲಷ್ಟೇ ಇದ್ದ ರೋಗ ಮುಂದೆ ಬೇರೆ ಜಿಲ್ಲೆಗಳಿಗೂ, ಕೇರಳ, ಗೋವಾ, ಮಹಾರಾಷ್ಟ್ರಗಳಿಗೂ ಹಬ್ಬಿತು. ಇದಕ್ಕೆ ನಿರ್ದಿಷ್ಟ ಔಷಧಿಯಿಲ್ಲ. ಹಳೆಯ ಲಸಿಕೆಯ ಬಳಕೆಯೂ 2022ರಲ್ಲಿ ನಿಂತಿತು. ಹಾಗಾಗಿ ಜನರ ತಿಳಿವಳಿಕೆಯೇ ದೊಡ್ಡ ರಕ್ಷಣೆ.

ತಿಳಿಯಬೇಕಾದದ್ದು ಬಹಳವಿಲ್ಲ. ಮರಿ ಉಣುಗುಗಳ ಕಾಟ ನವೆಂಬರ್‌ನಿಂದ ಮೇವರೆಗೆ ಹೆಚ್ಚು. ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ಸುತ್ತಲಿನ ನೆಲಕ್ಕೆ ಇಳಿಯುತ್ತವೆ. ಆದ್ದರಿಂದ ಸತ್ತ ಮಂಗದ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ಸುದ್ದಿ ಕೊಡಬೇಕು. ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ತೊಟ್ಟು, ಉಣುಗು ನಿವಾರಕ ಎಣ್ಣೆ ಹಚ್ಚಿಕೊಳ್ಳಬೇಕು. ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆ ಒಗೆಯಬೇಕು. ರೋಗ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ರೋಗಿಯನ್ನು ದೂರವಿಡುವುದು ತಪ್ಪು.

ಇಷ್ಟನ್ನು ಮನೆಮನೆಗೆ ಮುಟ್ಟಿಸಲು ಹೈಸ್ಕೂಲು ಮಕ್ಕಳಿಗಿಂತ ಒಳ್ಳೆಯ ದೂತರಿಲ್ಲ. ನಮ್ಮ ಶಾಲೆಯಲ್ಲಿ ಓದಿ ವೈದ್ಯರೋ ವಿಜ್ಞಾನಿಗಳೋ ಶಿಕ್ಷಕರೋ ಆಗಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಪ್ರತಿ ವರ್ಷ ದೀಪಾವಳಿಗೆ ಊರಿಗೆ ಬಂದಾಗ ಒಂದು ದಿನ ಉಳಿದು, ಶಾಲೆ ತೆರೆದ ಮೇಲೆ ಒಂದು ಪಾಠ ಮಾಡಿ ಹೋಗಿ. ಪಾಠ ಮುಗಿದ ಮೇಲೆ ಮಕ್ಕಳ ಮಾತನ್ನೂ ಕೇಳಿ. ಕಾಡಿನ ಅಂಚಿನಲ್ಲಿ ಬೆಳೆಯುವ ಅವರು ಏನನ್ನು ಕಂಡಿದ್ದಾರೋ ಯಾರು ಬಲ್ಲರು? 1957ರಲ್ಲಿ ವಿಜ್ಞಾನಿಗಳಿಗೆ ದಾರಿ ತೋರಿಸಿದ್ದೂ ಊರಿನವರು ಕಂಡ ಸಂಗತಿಯೇ.