ಅಪ್ಪನ ವಿಮಾನ, ಅಮ್ಮನ ಪ್ರವಾಸ

ದಸರಾ ರಜೆಗೆ ಎಲ್ಲಿಗೆ ಹೋಗುವುದು ಎಂಬ ಚರ್ಚೆ ನಮ್ಮ ಮನೆಯಲ್ಲಿ ಶ್ರಾವಣದಲ್ಲೇ ಶುರುವಾಗುತ್ತದೆ. ಸುತ್ತಿ ಬಳಸಿ ಕೊನೆಗೆ ಅದು ಶೃಂಗೇರಿಗೋ ಹೊರನಾಡಿಗೋ ಹೋಗಿ ನಿಲ್ಲುತ್ತದೆ. ಈ ಸಲ ನಾನು ಶಾಲೆಯಿಂದ ತಂದಿದ್ದ ಹಳೆಯ ಭೂಪಟವನ್ನು ಊಟದ ಮೇಜಿನ ಮೇಲೆ ಹರಡಿ, "ದೇವಸ್ಥಾನ ಬೇಡ, ವಿಮಾನ ನೋಡಿಕೊಂಡು ಬರೋಣ" ಎಂದೆ.

ಅಮ್ಮ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. "ವಿಮಾನದಲ್ಲಿ ಹೋಗೋದಾ?"

"ಇಲ್ಲಮ್ಮ. ಕಾರಿನಲ್ಲಿ ಹೋಗೋದು. ಮ್ಯೂಸಿಯಂನಲ್ಲಿ ನಿಲ್ಲಿಸಿರೋ ಹಳೇ ವಿಮಾನ ನೋಡೋದು."

"ಹಾರೋದನ್ನ ಬಿಟ್ಟು ನಿಂತಿರೋದನ್ನ ನೋಡೋಕೆ ಅಷ್ಟು ದೂರವಾ?" ಎಂದವಳೇ ಮತ್ತೆ ಹುರುಳಿಕಾಯಿಗೆ ಕೈ ಹಾಕಿದಳು.

ನನ್ನ ಅಪ್ಪ ಬೆಂಗಳೂರಿನ ಎಚ್.ಎ.ಎಲ್.ನಲ್ಲಿ ರಿವೆಟ್ ಹೊಡೆಯುವ ಕೆಲಸಗಾರರಾಗಿದ್ದರು. 1959ರಲ್ಲಿ ಇಪ್ಪತ್ತು ವರ್ಷದ ಹುಡುಗನಾಗಿ ಸೇರಿ 1997ರಲ್ಲಿ ನಿವೃತ್ತರಾಗಿ, ತಿಪಟೂರಿನಲ್ಲಿ ಮನೆ ಕಟ್ಟಿಸಿ, 2011ರಲ್ಲಿ ತೀರಿಕೊಂಡರು. ಬೆಳಿಗ್ಗೆ ಡಬ್ಬಿ ಕಟ್ಟಿಕೊಟ್ಟು, ಸಂಜೆ ಎಣ್ಣೆಕಲೆಯ ಬಟ್ಟೆ ಒಗೆದು ಮೂವತ್ತು ವರ್ಷ ಕಳೆದ ಅಮ್ಮ, ಅವರು ಮಾಡಿದ ವಿಮಾನವನ್ನು ಒಮ್ಮೆಯೂ ಹತ್ತಿರದಿಂದ ನೋಡಿದವಳಲ್ಲ. ತಲೆಯ ಮೇಲೆ ಸದ್ದು ಮಾಡಿಕೊಂಡು ಹೋದಾಗ ಅಂಗಳಕ್ಕೆ ಓಡಿ ಬರುವಷ್ಟರಲ್ಲಿ ಅದು ಮಾಯವಾಗಿರುತ್ತಿತ್ತಂತೆ. ಈಗ ಅವಳಿಗೆ ಎಂಬತ್ತು. ಎರಡು ವರ್ಷದಿಂದ ಗ್ಲಾಕೋಮಾ. ಈ ಕಾಯಿಲೆಯಲ್ಲಿ ಹೋದ ದೃಷ್ಟಿ ತಿರುಗಿ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು ಅಷ್ಟೇ. ಪಕ್ಕದಲ್ಲಿ ಯಾರು ಬಂದು ನಿಂತರೂ ಅವಳಿಗೆ ಈಗ ತಿಳಿಯುವುದಿಲ್ಲ. ಎದುರಿಗೆ ನೇರವಾಗಿ ಇದ್ದದ್ದು ಮಾತ್ರ ಕಾಣುತ್ತದೆ. ನನ್ನ ಅವಸರಕ್ಕೆ ಕಾರಣ ಇದು. ಅವಳಿಗೆ ಹೇಳಿರಲಿಲ್ಲ.

ವಿಮಾನದ ಚರಿತ್ರೆ ಎಂದರೆ ಗಂಡಸರ ಸಾಹಸ ಎಂದೇ ನಾವೆಲ್ಲ ತಿಳಿದಿರುವುದು. ರೈಟ್ ಸಹೋದರರ ಪಾಠವನ್ನು ನಾನು ಎಷ್ಟೋ ವರ್ಷ ಹೇಳಿದ್ದೇನೆ. ಅವರಿಗೆ ಕ್ಯಾಥರೀನ್ ಎಂಬ ತಂಗಿಯಿದ್ದಳು, ಆ ಮನೆಯ ಮಕ್ಕಳಲ್ಲಿ ಕಾಲೇಜು ಪದವಿ ಪಡೆದವಳು ಅವಳೊಬ್ಬಳೇ, ಹೈಸ್ಕೂಲಿನಲ್ಲಿ ಲ್ಯಾಟಿನ್ ಪಾಠ ಹೇಳುವ ಮೇಡಂ ಆಗಿದ್ದಳು ಎಂಬುದು ನನಗೆ ತೀರಾ ಈಚೆಗೆ ತಿಳಿಯಿತು. ಅವರ ಕಂಪನಿಯ ವಿಮಾನಗಳ ರೆಕ್ಕೆಯ ಬಟ್ಟೆ ಹೊಲಿದವಳು ಐಡಾ ಹೋಲ್ಡ್‌ಗ್ರೀವ್ ಎಂಬ ಹೆಣ್ಣುಮಗಳು. ಪಠ್ಯಪುಸ್ತಕದಲ್ಲಿ ಇವರಿಬ್ಬರಿಗೂ ಜಾಗವಿಲ್ಲ. ಅಂದಮೇಲೆ ನಮ್ಮಮ್ಮನ ಡಬ್ಬಿ ಬುತ್ತಿಗೆ ಎಲ್ಲಿಂದ ಬರಬೇಕು?

ಕಾರು ಓಡಿಸುವವಳು ನನ್ನ ತಂಗಿಯ ಮಗಳು. ಅವಳು ಪುಸ್ತಕ ಪೆನ್ನು ಹಿಡಿದು, "ದೊಡ್ಡಮ್ಮ, ಒಂದೊಂದಾಗಿ ಹೇಳಿ" ಎಂದಳು. ಪಟ್ಟಿ ಬೆಳೆಯಿತು.

ಮೊದಲು ಬೆಂಗಳೂರು, 140 ಕಿಲೋಮೀಟರ್. ಅಲ್ಲಿ 2001ರಲ್ಲಿ ತೆರೆದ ಎಚ್.ಎ.ಎಲ್. ಹೆರಿಟೇಜ್ ಸೆಂಟರ್ ಇದೆ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲೂ ಒಂದು ವಿಮಾನ ನಿಂತಿದೆ. ಆಮೇಲೆ ಅರಸೀಕೆರೆ, ಶಿವಮೊಗ್ಗ, ಸಾಗರದ ಮೇಲೆ ಹೊನ್ನಾವರಕ್ಕೆ ಇಳಿದು ಕಾರವಾರ. ಅಲ್ಲಿನ ಕಡಲ ದಂಡೆಯಲ್ಲಿ ನೌಕಾಪಡೆಯ ಟುಪೊಲೆವ್ ವಿಮಾನವಿದೆ. ರಷ್ಯಾದಲ್ಲಿ ಹುಟ್ಟಿ, 1988ರಲ್ಲಿ ನಮ್ಮಲ್ಲಿಗೆ ಬಂದು, ಜಲಾಂತರ್ಗಾಮಿಗಳನ್ನು ಹುಡುಕುತ್ತಾ ಹಿಂದೂ ಮಹಾಸಾಗರದ ಮೇಲೆ ಹಾರಾಡಿ, 2017ರಲ್ಲಿ ಸೇವೆ ಮುಗಿಸಿದ ಜಾತಿಯದು. ರೆಕ್ಕೆಯ ಈ ತುದಿಯಿಂದ ಆ ತುದಿಗೆ 50 ಮೀಟರ್! ತಮಿಳುನಾಡಿನ ಅರಕ್ಕೋಣಂನಿಂದ ಅದನ್ನು ಬಿಡಿಬಿಡಿಯಾಗಿ ಕಳಚಿ ರಸ್ತೆಯ ಮೇಲೆ ತಂದು ಮತ್ತೆ ಜೋಡಿಸಿದರು. ಅಲ್ಲಿಂದ ಮುಂದೆ ಗೋವಾ. ಬೊಗ್ಮಾಲೊದಲ್ಲಿ 1998ರಲ್ಲಿ ಶುರುವಾದ ನೌಕಾ ವಿಮಾನ ಮ್ಯೂಸಿಯಂನಲ್ಲಿ ಸೂಪರ್ ಕಾನ್‌ಸ್ಟಲೇಶನ್ ಎಂಬ ನಾಲ್ಕು ಎಂಜಿನ್ನಿನ, ಮೂರು ಬಾಲದ ಸೊಗಸಾದ ವಿಮಾನವಿದೆ. ಮೊದಲು ಏರ್ ಇಂಡಿಯಾದ ಪ್ರಯಾಣಿಕರನ್ನು ಹೊತ್ತು, ಆಮೇಲೆ ವಾಯುಪಡೆಗೆ ದುಡಿದು, ಕೊನೆಗಾಲಕ್ಕೆ ನೌಕಾಪಡೆ ಸೇರಿದ್ದು. ಮೂರು ಮನೆ ಕಂಡ ಸೊಸೆ ಅನ್ನಿ.

ಇಷ್ಟಾದರೂ ನಾನು ನೋಡಬೇಕೆಂದು ಹಂಬಲಿಸುವ ಒಂದು ವಿಮಾನ ಈ ದಾರಿಯಲ್ಲೆಲ್ಲೂ ಇಲ್ಲ. ಅದರ ಕಥೆಯನ್ನು ಅಪ್ಪ ಹಿರಿಯ ಕೆಲಸಗಾರರಿಂದ ಕೇಳಿ ನಮಗೆ ಹೇಳುತ್ತಿದ್ದರು. ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಪಾಲುದಾರಿಕೆಯಲ್ಲಿ 1940ರಲ್ಲಿ ಬೆಂಗಳೂರಿನಲ್ಲಿ ಈ ಕಾರ್ಖಾನೆ ಕಟ್ಟಿದರು. ಎರಡನೇ ಮಹಾಯುದ್ಧದಲ್ಲಿ ಅದು ದೊಡ್ಡ ರಿಪೇರಿ ಶೆಡ್ ಆಗಿಹೋಯಿತು. ನೀರಿನ ಮೇಲೆ ಇಳಿಯುವ ಕೆಟಲೀನಾ ವಿಮಾನಗಳು ರಿಪೇರಿಗೆ ಬಂದು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವಂತೆ. ಇವತ್ತು ಆ ಕೆರೆಯ ನೊರೆ ನೋಡಿದವರು ನಂಬುವ ಮಾತೇ?

ಯುದ್ಧ ಮುಗಿದ ಮೇಲೆ ಬ್ರಿಟಿಷರು ಅಮೆರಿಕದಿಂದ ಎರವಲು ಪಡೆದಿದ್ದ ಲಿಬರೇಟರ್ ಎಂಬ ಭಾರೀ ಬಾಂಬರುಗಳನ್ನು ಕಾನ್ಪುರದಲ್ಲಿ ಬಿಟ್ಟುಹೋದರು. ಸುಮ್ಮನೆ ಬಿಡಲಿಲ್ಲ, ಮತ್ತೆ ಹಾರದಂತೆ ಕೆಡಿಸಿಯೇ ಬಿಟ್ಟರು. ಎಂಜಿನ್ನಿಗೆ ಮರಳು ಸುರಿದರಂತೆ. 1948ರಲ್ಲಿ ಹೊಸ ಭಾರತಕ್ಕೆ ಬಾಂಬರು ಬೇಕಾಯಿತು, ಕೊಳ್ಳಲು ದುಡ್ಡಿರಲಿಲ್ಲ. ಆಗ ಬೆಂಗಳೂರಿನವರು ಆ ಗುಜರಿಯಲ್ಲೇ ಇದರ ಚಕ್ರ ಅದಕ್ಕೆ, ಅದರ ಬಾಲ ಇದಕ್ಕೆ ಎಂದು ಹೊಂದಿಸಿ, ಒಂದೊಂದನ್ನೇ ಹಾರುವ ಸ್ಥಿತಿಗೆ ತಂದರು. ಜಮ್ಷೆಡ್ ಮುನ್ಷಿ ಎಂಬ ಪೈಲಟ್ ನಲವತ್ತಕ್ಕೂ ಹೆಚ್ಚು ವಿಮಾನಗಳನ್ನು ಹಾಗೆಯೇ ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿ ಪೂರ್ತಿ ರಿಪೇರಿಯಾದ ಮೇಲೆ ಅವು 1968ರ ತನಕ ಸೇವೆಯಲ್ಲಿದ್ದವು. ಬೇರೆ ದೇಶದವರು ತಮ್ಮವನ್ನು ಬಹುಮಟ್ಟಿಗೆ ಕರಗಿಸಿ ಮುಗಿಸಿದ್ದರು. ಹಾಗಾಗಿ ಲಿಬರೇಟರ್ ಬೇಕೆಂದು ಅಮೆರಿಕ, ಬ್ರಿಟನ್, ಕೆನಡಾದ ಮ್ಯೂಸಿಯಂನವರು ನಮ್ಮ ಬಾಗಿಲಿಗೇ ಬರಬೇಕಾಯಿತು. ಅರಿಜೋನಾದ ಪೀಮಾ ಮ್ಯೂಸಿಯಂನಲ್ಲಿ ಇವತ್ತು ನಿಂತಿರುವುದು 1969ರಲ್ಲಿ ಭಾರತದಿಂದ ಹೋದದ್ದು. ನಮ್ಮ ದೇಶದಲ್ಲಿ ಒಂದನ್ನು ನೋಡಬೇಕಾದರೆ ದೆಹಲಿಯ ಪಾಲಂಗೆ ಹೋಗಬೇಕು. ಹಳೆಯ ಕುಕ್ಕರಿಗೆ ಹೊಸ ಹಿಡಿ ಹಾಕಿಸಿ ಹತ್ತು ವರ್ಷ ನಡೆಸುವ ನಮ್ಮಂಥವರಿಗೆ ಈ ಕಥೆ ಬೇಗ ಅರ್ಥವಾಗುತ್ತದೆ.

ನಾನು ಇದನ್ನೆಲ್ಲ ಉತ್ಸಾಹದಿಂದ ಹೇಳುತ್ತಿದ್ದರೆ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ನಿಮ್ಮಪ್ಪಂದು ಎಲ್ಲಿದೆ?"

ಅಪ್ಪಂದು ಎಂದರೆ ಮಾರುತ್. ಜರ್ಮನಿಯ ಕುರ್ಟ್ ಟ್ಯಾಂಕ್ ಎಂಬ ಹೆಸರಾಂತ ವಿನ್ಯಾಸಕಾರರು 1956ರಲ್ಲಿ ಬೆಂಗಳೂರಿಗೆ ಬಂದು ಆರಂಭಿಸಿದ ಯುದ್ಧವಿಮಾನ. ಅಪ್ಪ ಕೆಲಸಕ್ಕೆ ಸೇರಿದ ವರ್ಷ ಮರದಲ್ಲಿ ಮಾಡಿದ ಪೂರ್ಣ ಗಾತ್ರದ ಮಾದರಿಯನ್ನು ಡಕೋಟಾ ವಿಮಾನಕ್ಕೆ ಹಗ್ಗ ಕಟ್ಟಿ ಎಳೆಸಿ, ಮೇಲೆ ಬಿಟ್ಟು, ಎಂಜಿನ್ ಇಲ್ಲದೆ ಇಳಿಸಿ ಪರೀಕ್ಷಿಸುತ್ತಿದ್ದರು. "ಬಡಗಿಗಳ ವಿಮಾನ" ಎಂದು ಅಪ್ಪ ನಗುತ್ತಿದ್ದರು. ಲೋಹದ ಮಾರುತ್ 1961ರ ಜೂನ್ 17ರಂದು ಹಾರಿತು, ಹಾರಿಸಿದವರು ಸುರಂಜನ್ ದಾಸ್. ಒಟ್ಟು 147 ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಚೆನ್ನಾಗಿ ಕಾದಿದವು. ಆಕಾಶದ ಕಾಳಗದಲ್ಲಿ ವೈರಿ ವಿಮಾನಕ್ಕೆ ಒಂದೂ ಬಲಿಯಾಗಲಿಲ್ಲ. ಆದರೆ ಅದರ ದೇಹಕ್ಕೆ ತಕ್ಕ ಎಂಜಿನ್ ಕೊನೆಗೂ ಸಿಗಲಿಲ್ಲ. ಬೇಕಾದ ಎಂಜಿನ್ನನ್ನು ಬೆಳೆಸಲು ದುಡ್ಡು ಹಾಕುವವರಿರಲಿಲ್ಲ. ಶಬ್ದದ ವೇಗವನ್ನು ಬಹುವಾಗಿ ಮೀರಬೇಕೆಂದು ಹುಟ್ಟಿದ್ದು ಅದರ ಹತ್ತಿರಕ್ಕೆ ಹೋಗಿ ನಿಂತಿತು. "ಗಾಡಿ ಒಳ್ಳೇದು, ಎತ್ತು ಸಾಲದು" ಎಂದು ಅಪ್ಪ ಅನ್ನುತ್ತಿದ್ದರು. ಮಾರುತ್ ಸೋತಿತು ಎಂದು ಯಾರಾದರೂ ಬರೆದದ್ದು ಓದಿದಾಗ ನನಗೆ ಈಗಲೂ ಸಿಟ್ಟು ಬರುತ್ತದೆ. ಇದು ಇತಿಹಾಸ ಹೇಳುವವಳಿಗೆ ತಕ್ಕದ್ದಲ್ಲ, ಗೊತ್ತು.

1970ರ ಜನವರಿ 10ರಂದು ಸುರಂಜನ್ ದಾಸ್ ಮಾರುತ್ ಹಾರಿಸುವಾಗಲೇ ಬಿದ್ದು ತೀರಿಕೊಂಡರು. ಅಂದು ಅಪ್ಪ ಮನೆಗೆ ಬಂದು ಊಟ ಮಾಡಲಿಲ್ಲ. ತಾನು ಹೊಡೆದ ರಿವೆಟ್ಟುಗಳನ್ನು ರಾತ್ರಿಯಿಡೀ ಮನಸ್ಸಿನಲ್ಲೇ ಎಣಿಸುತ್ತಿದ್ದರಂತೆ. "ಗೋಡೆ ಕಡೆ ತಿರುಗಿ ಮಲಗಿದ್ರು, ಬೆರಳು ಮಾತ್ರ ಆಡ್ತಾನೇ ಇತ್ತು" ಎಂದು ಅಮ್ಮ ಮೊನ್ನೆ ಹೇಳಿದಳು. ಐವತ್ತು ವರ್ಷಗಳಲ್ಲಿ ಈ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಬೆರಳಿನ ವಿಷಯ ಹೇಳಬೇಕು. ರೆಕ್ಕೆಗೆ ರಿವೆಟ್ ಹೊಡೆಯುವುದು ಇಬ್ಬರ ಕೆಲಸ. ಹೊರಗಿನವನು ಗನ್ ಹಿಡಿದರೆ ಒಳಗಿನವನು ಎದುರಿಗೆ ಕಬ್ಬಿಣದ ಗಟ್ಟಿ ಒತ್ತಿ ಹಿಡಿಯಬೇಕು. ಅಪ್ಪ ಸಣ್ಣ ಆಳು, ಇಕ್ಕಟ್ಟಿನ ಒಳಕ್ಕೆ ತೂರುವ ಸರದಿ ಅವರದೇ. ರಿವೆಟ್ಟಿನ ತಲೆ ಹಾಳೆಯ ಮಟ್ಟಕ್ಕೆ ಕೂತಿರಬೇಕು, ಉಬ್ಬಿದರೆ ಗಾಳಿ ತಡೆಯುತ್ತದೆ. ಕಣ್ಣನ್ನು ನಂಬದೆ ಬೆರಳ ತುದಿ ಆಡಿಸಿ ನೋಡುತ್ತಿದ್ದರು. ಅದೇ ಅಭ್ಯಾಸ ಮನೆಗೂ ಬಂತು. ತೊಳೆದ ಇಡ್ಲಿ ತಟ್ಟೆ, ಸಾರಿಸಿದ ನೆಲ, ನನ್ನ ಕಾಪಿ ಪುಸ್ತಕದ ಅಂಚು, ಎಲ್ಲಕ್ಕೂ ಬೆರಳು. ಅಮ್ಮನಿಗೆ ರೇಗುತ್ತಿತ್ತು. "ಆ ಮಾರುತ್ ನನ್ನ ಸವತಿ ಕಣೆ" ಎಂದು ಅಕ್ಕಪಕ್ಕದವರ ಹತ್ತಿರ ಹೇಳಿಕೊಂಡು ನಗುತ್ತಿದ್ದಳು.

ಅಪ್ಪ ಮುಟ್ಟಿದ ಮಾರುತ್ ಯಾವುದು ಎಂದು ಈಗ ಹೇಳಲಾಗದು. ಉಳಿದಿರುವವು ಕೆಲವೇ. ಬೆಂಗಳೂರಿನ ಎರಡೂ ಮ್ಯೂಸಿಯಂಗಳಲ್ಲಿ ಇವೆ. ಮುಂಬೈ, ಪುಣೆಯಲ್ಲಿವೆ. ಒಂದು ಜರ್ಮನಿಯ ಮ್ಯೂನಿಕ್ ಹತ್ತಿರದ ಮ್ಯೂಸಿಯಂಗೂ ಹೋಗಿದೆ. ಇದನ್ನು ಹೇಳಿದಾಗ ಅಮ್ಮ ಎದ್ದು ಒಳಗೆ ಹೋದಳು. ಗೋಡೆ ಹಿಡಿದು ದೇವರ ಮನೆಯ ಕಪಾಟಿನಿಂದ ಗುಂಡಿಗಳ ಡಬ್ಬಿ ತಂದು ಮೇಜಿನ ಮೇಲೆ ಸುರಿದಳು. ಗುಂಡಿಗಳ ನಡುವೆ ಐದು ರಿವೆಟ್. ನಿವೃತ್ತಿಯ ದಿನ ಜೊತೆಗಾರರು ನೆನಪಿಗೆಂದು ಕೊಟ್ಟವು.

"ಕಾರವಾರ, ಗೋವಾ ಎಲ್ಲ ನೀವಿಬ್ಬರೂ ಇನ್ನೊಂದು ಸಲ ಹೋಗಿ. ನನಗೆ ಅದೊಂದು ಸಾಕು. ಎರಡು ದಿನ ಅಲ್ಲೇ ಇರೋಣ."

ನನಗೆ ಪಿಚ್ಚೆನಿಸಿತು. ಕಣ್ಣಿರುವಾಗಲೇ ಕಡಲು, ಆ ದೊಡ್ಡ ಟುಪೊಲೆವ್, ಎಲ್ಲವನ್ನೂ ತೋರಿಸಿಬಿಡಬೇಕೆಂದು ನಾನು ಲೆಕ್ಕ ಹಾಕಿದ್ದೆ. "ಅಮ್ಮ, ಮುಂದಿನ ವರ್ಷ..." ಎಂದು ಬಾಯಿ ತೆಗೆದೆ. "ಗೊತ್ತು. ಡಾಕ್ಟರು ನಿನಗೆ ಹೇಳಿದ್ದನ್ನ ನಾನೂ ಅಲ್ಲೇ ಕೂತು ಕೇಳಿಸ್ಕೊಂಡೆ. ಕಣ್ಣು ಮಂಕು, ಕಿವಿಗೇನಾಗಿದೆ?" ಎಂದಳು.

ಮೇಜಿನ ಮೇಲಿನ ಪಟ್ಟಿ ಮತ್ತೆ ಬರೆಯಬೇಕಾಯಿತು. ಎರಡು ಬೆಳಿಗ್ಗೆ, ಎರಡೂ ಹೆರಿಟೇಜ್ ಸೆಂಟರಿಗೇ. ಬಿಸಿಲೇರಿದರೆ ಲೋಹ ಕಾಯುತ್ತದೆ, ಅದಕ್ಕೆ ಬಾಗಿಲು ತೆರೆಯುತ್ತಲೇ ಹೋಗಬೇಕು. ಅಮ್ಮನ ಕಣ್ಣಿಗೆ ವಿಮಾನ ಪೂರ್ತಿ ಕಾಣಬೇಕಾದರೆ ಮೊದಲ ದಿನ ದೂರದಲ್ಲಿ ನಿಲ್ಲಿಸಬೇಕು, ಹತ್ತಿರ ಹೋದರೆ ಒಂದು ಚಕ್ರವಷ್ಟೇ ಕಂಡೀತು. ಎರಡನೇ ದಿನ ಹತ್ತಿರ. ಮಡಿಸುವ ಕುರ್ಚಿ, ಕಣ್ಣಿನ ಹನಿ, ಚಪಾತಿ, ಚಟ್ನಿಪುಡಿ.

"ಅಜ್ಜಿ, ಅಲ್ಲಿ ವಿಮಾನ ಮುಟ್ಟಬೇಡಿ ಅಂದರೆ?" ಎಂದಳು ಹುಡುಗಿ.

ಅಮ್ಮ ಒಂದು ರಿವೆಟ್ಟನ್ನು ಎತ್ತಿ ಅದರ ತಲೆಯ ಮೇಲೆ ಬೆರಳಾಡಿಸುತ್ತಾ, "ಈಗಲೇ ಫೋನ್ ಮಾಡಿ ಕೇಳು. ರಿವೆಟ್ ಹೊಡೆಯೋರ ಮನೆಯವಳು ಬರ್ತಿದಾಳೆ ಅನ್ನು" ಎಂದಳು.