ಬಡ್ಡಿಯಿಲ್ಲದ ಸೂರು: ‘ಹ್ಯಾಬಿಟಾಟ್’ ನಡೆದುಬಂದ ದಾರಿ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಉಳ್ಳವರಿಗೂ ಅನ್ವಯಿಸುತ್ತದೆ. ಆದರೆ ದಿನಗೂಲಿಯನ್ನೇ ನಂಬಿದ ಕುಟುಂಬಕ್ಕೆ ಮನೆಗಾಗಿ ಮಾಡಿದ ಸಾಲವೇ ಮನೆಯನ್ನು ಕಸಿಯಬಲ್ಲದು. ಈ ತೊಡಕಿಗೆ ಬಡ್ಡಿರಹಿತ ಸಾಲ ಹಾಗೂ ಸ್ವಂತ ಶ್ರಮದ ಮೂಲಕ ಉತ್ತರ ಹುಡುಕಿದ ಸೇವಾಸಂಸ್ಥೆ ‘ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ’.

ಹುಟ್ಟು

ಅಮೆರಿಕದ ಜಾರ್ಜಿಯಾ ರಾಜ್ಯದ ಅಮೆರಿಕಸ್ ಪಟ್ಟಣದ ಬಳಿ 1942ರಲ್ಲಿ ಕ್ಲಾರೆನ್ಸ್ ಜೋರ್ಡನ್ ಮತ್ತಿತರರು ‘ಕೊಯಿನೋನಿಯಾ’ ಎಂಬ ಕೃಷಿ ಸಮುದಾಯವನ್ನು ಆರಂಭಿಸಿದರು. ವರ್ಣಭೇದದ ಆ ದಿನಗಳಲ್ಲಿ ಕರಿಯರೂ ಬಿಳಿಯರೂ ಅಲ್ಲಿ ಜೊತೆಯಾಗಿ ದುಡಿಯುತ್ತಿದ್ದರು. ತಮ್ಮ ಸಂಪತ್ತನ್ನು ತೊರೆದು ಬಂದ ವಕೀಲ ಮಿಲರ್ಡ್ ಫುಲ್ಲರ್ ಮತ್ತು ಪತ್ನಿ ಲಿಂಡಾ, 1968ರಲ್ಲಿ ಜೋರ್ಡನ್ ಅವರೊಡನೆ ಬಡವರಿಗೆ ಮನೆ ಕಟ್ಟುವ ಯೋಜನೆ ರೂಪಿಸಿದರು. 1973ರಿಂದ ಮೂರು ವರ್ಷ ಆಫ್ರಿಕಾದ ಜೈರ್ (ಇಂದಿನ ಕಾಂಗೊ) ದೇಶದಲ್ಲಿ ಅದನ್ನೇ ಪ್ರಯೋಗಿಸಿ, ಮರಳಿದ ಬಳಿಕ 1976ರಲ್ಲಿ ಸಂಸ್ಥೆಯನ್ನು ಸ್ಥಾಪಿಸಿದರು. ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1984ರಲ್ಲಿ ಸುತ್ತಿಗೆ ಹಿಡಿದು ಕೈಜೋಡಿಸಿದ ಮೇಲೆ ಸಂಸ್ಥೆಯು ಮನೆಮಾತಾಯಿತು.

ಕ್ರಮ

ಬಡವರಿಂದ ಬಡ್ಡಿ ಪಡೆಯಬಾರದೆಂಬ ಬೈಬಲ್‌ನ ವಿಧಿಯೇ ಫುಲ್ಲರ್ ಅವರಿಗೆ ಆಧಾರ. ಆದರೆ ಮನೆ ನೀಡುವಾಗ ಧರ್ಮಭೇದವಿಲ್ಲ. ಮನೆಯು ದಾನವೂ ಅಲ್ಲ. ಲಾಭವಿಲ್ಲದ ಬೆಲೆಗೆ, ಬಡ್ಡಿಯಿಲ್ಲದ ಕಂತುಗಳಲ್ಲಿ ಅದನ್ನು ಕೊಡಲಾಗುತ್ತಿತ್ತು. ಫಲಾನುಭವಿಗಳು ನಿರ್ಮಾಣದಲ್ಲಿ ತಾವೂ ದುಡಿಯಬೇಕಿತ್ತು. ಮರಳಿ ಬಂದ ಕಂತಿನ ಹಣ ಮತ್ತೊಂದು ಮನೆಯ ತಳಪಾಯಕ್ಕೆ ಸಲ್ಲುತ್ತಿತ್ತು.

ಭಾರತದಲ್ಲಿ

1983ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂನಲ್ಲಿ ಕಾರ್ಯ ಆರಂಭವಾಯಿತು. 2004ರ ಸುನಾಮಿಯ ನಂತರ ತಮಿಳುನಾಡಿನಲ್ಲಿ ಪುನರ್ವಸತಿ ಕಾರ್ಯ ನಡೆಯಿತು. 2006ರಲ್ಲಿ ಕಾರ್ಟರ್ ದಂಪತಿಯ ನೇತೃತ್ವದಲ್ಲಿ ಸ್ವಯಂಸೇವಕರು ಸುಮಾರು 100 ಮನೆಗಳ ನಿರ್ಮಾಣಕ್ಕೆ ತೊಡಗಿದ್ದು ಮಹಾರಾಷ್ಟ್ರದ ಲೋನಾವಳ ಸಮೀಪದ ಮಳವಲಿಯಲ್ಲಿ. ಹೆಸರು ಹೋಲುತ್ತದೆಯಾದರೂ ಅದು ನಮ್ಮ ಮಂಡ್ಯ ಜಿಲ್ಲೆಯ ಮಳವಳ್ಳಿಯಲ್ಲ.

ಕಬ್ಬಿನ ನಾಡಿಗೆ ಪಾಠ

ಆದರೂ ಈ ಕಥೆ ಮಂಡ್ಯ, ಮದ್ದೂರು, ಮಳವಳ್ಳಿಗಳಿಗೆ ದೂರದ್ದಲ್ಲ. ಕಬ್ಬು ಕೈಗೆ ಬರಲು ಸುಮಾರು ಒಂದು ವರ್ಷ ಬೇಕು. ಸಾಲದ ಕಂತು ಅಷ್ಟು ದಿನ ಕಾಯುವುದಿಲ್ಲ. 2015ರಲ್ಲಿ ಜಿಲ್ಲೆಯ ಕಬ್ಬು ಬೆಳೆಗಾರರ ಸರಣಿ ಆತ್ಮಹತ್ಯೆಗಳು ಸಾಲದ ಭಾರವನ್ನು ನಾಡಿನ ಮುಂದಿಟ್ಟವು. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರವು 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು.

2000ದಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮೂಲಕ ಬಸವ ವಸತಿ ಮೊದಲಾದ ಯೋಜನೆಗಳ ಸಹಾಯಧನವು ತಳಪಾಯ, ಛಾವಣಿ ಹೀಗೆ ಹಂತಹಂತವಾಗಿ ಬಿಡುಗಡೆಯಾಗುತ್ತದೆ. ಅದು ಸಾಲದಿದ್ದಾಗ ಉಳಿದ ಹಣಕ್ಕೆ ಕುಟುಂಬವು ಸಾಲದ ಬಾಗಿಲನ್ನೇ ತಟ್ಟಬೇಕು. ಬಡ್ಡಿಯ ಪ್ರಶ್ನೆ ಏಳುವುದು ಅಲ್ಲಿಯೇ.

ಹ್ಯಾಬಿಟಾಟ್ ಕೂಡ ಆರಂಭದ ನೇಮಕ್ಕೆ ಅಂಟಿಕೊಂಡು ಉಳಿಯಲಿಲ್ಲ. 2012ರಲ್ಲಿ ಅದು ಆರಂಭಿಸಿದ ‘ಮೈಕ್ರೋಬಿಲ್ಡ್’ ನಿಧಿಯು ಕಿರುಸಾಲ ಸಂಸ್ಥೆಗಳಿಗೆ ವಸತಿ ಸಾಲಕ್ಕಾಗಿ ಬಂಡವಾಳ ಒದಗಿಸಿತು. ಹೆಚ್ಚು ಮನೆಗಳನ್ನು ತಲುಪಲು ಇದೊಂದು ಮಾರ್ಗ. ಆದರೆ ಬಡ್ಡಿಯಿಲ್ಲದ ಕಂತಲ್ಲ. ಫುಲ್ಲರ್ 2009ರಲ್ಲಿ, ಕಾರ್ಟರ್ 2024ರ ಡಿಸೆಂಬರ್‌ನಲ್ಲಿ ನಿಧನರಾದರು. ಸಾಲ ತೀರಿಸಿದ ಮೇಲೂ ಮನೆ ಬಡವರ ಕೈಯಲ್ಲೇ ಉಳಿಯುವುದು ಹೇಗೆಂಬ ಅವರ ಪ್ರಶ್ನೆ ಮಾತ್ರ ಕಾವೇರಿ ಬಯಲಿನಲ್ಲಿ ಇಂದಿಗೂ ಜೀವಂತವಾಗಿದೆ.