ಪೇಟೆಗೆ ಹೋಗುವ ಹುಣ್ಣಿಮೆ

ಚರಿತ್ರೆಯ ಪುಸ್ತಕಗಳಲ್ಲಿ ಪ್ರಯಾಣ ಮಾಡುವವರೆಲ್ಲ ದೊಡ್ಡವರೇ. ದಂಡೆತ್ತಿ ಹೋದ ದೊರೆಗಳು, ಶಿಷ್ಯರೊಡನೆ ಸಂಚರಿಸಿದ ಗುರುಗಳು, ಸೂಫಿಗಳು, ಸವಾರಿ ಹೊರಟು ದಿನಚರಿ ಬರೆದಿಟ್ಟ ಬಿಳಿಯ ಅಧಿಕಾರಿಗಳು. 1800ರಲ್ಲಿ ನಮ್ಮ ದೊಡ್ಡಬಳ್ಳಾಪುರದ ಮೇಲೆ ಹಾದುಹೋದ ಫ್ರಾನ್ಸಿಸ್ ಬುಕನನ್ ಇಲ್ಲಿಯ ಹೊಲ, ಬೆಳೆ, ಕಸುಬುಗಳ ಬಗ್ಗೆ ಬರೆದ. ಆದರೆ ಇದೇ ಸೀಮೆಯ ಒಬ್ಬ ರೈತ, ಒಬ್ಬ ನೇಕಾರ, ಎತ್ತಿಗೆ ಲಾಳ ಕಟ್ಟುವ ಒಬ್ಬ ಸಾಹೇಬರು ವರ್ಷಕ್ಕೊಮ್ಮೆ ಬೆಂಗಳೂರು ನೋಡಿ ಬರಲು ತಿಂಗಳುಗಟ್ಟಲೆ ಕಾಸು ಕೂಡಿಟ್ಟ ಸಂಗತಿಯನ್ನು ಬರೆದವರು ಯಾರು? ಅದೂ ಚರಿತ್ರೆಯೇ ಎಂದು ನಾವು ಭಾವಿಸುತ್ತೇವೆ.

ದೊಡ್ಡಬೆಳವಂಗಲ ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ದೊಡ್ಡಬಳ್ಳಾಪುರದಿಂದ ಡಾಬಸ್‌ಪೇಟೆಗೆ ಹೋಗುವ ರಸ್ತೆಯ ಮೇಲಿದೆ. ಇಲ್ಲಿಂದ ಬೆಂಗಳೂರಿನ ಹಳೆಯ ಪೇಟೆಗೆ ನಲವತ್ತು ಕಿಲೋಮೀಟರಿಗೂ ಹೆಚ್ಚು ದಾರಿ. ಇಂದಿನ ಲೆಕ್ಕದಲ್ಲಿ ಇದು ದೂರವೇ ಅಲ್ಲ. ಎತ್ತಿನ ಗಾಡಿಯ ಲೆಕ್ಕದಲ್ಲಿ ಅದು ಒಂದು ಇಡೀ ರಾತ್ರಿ ಮತ್ತು ಮರುದಿನದ ಒಂದಿಷ್ಟು ಹೊತ್ತು. ಬೆಂಗಳೂರು ಹತ್ತಿರವೂ ಅಲ್ಲದ, ಕೈಗೆ ಎಟುಕದಷ್ಟು ದೂರವೂ ಅಲ್ಲದ ಇಂಥ ಊರುಗಳಲ್ಲೇ ಅದರ ಕನಸು ಹೆಚ್ಚು ಬಲವಾಗಿ ಬೆಳೆದದ್ದು. ಊರಿನ ಮಾತಿನಲ್ಲಿ ಅದು ಬೆಂಗಳೂರಲ್ಲ, 'ಪೇಟೆ'. 'ಪೇಟೆಗೆ ಹೋಗುವುದು' ಎಂದರೆ ಸಂತೆಗೆ ಹೋದ ಹಾಗಲ್ಲ. ಸಂತೆ ವಾರಕ್ಕೊಮ್ಮೆ, ಪೇಟೆ ವರ್ಷಕ್ಕೊಮ್ಮೆ.

ಆ ಒಮ್ಮೆ ಯಾವಾಗ? ಚೈತ್ರ ಹುಣ್ಣಿಮೆಗೆ, ಬೆಂಗಳೂರು ಕರಗಕ್ಕೆ. ಈ ದಿನ ಗೊತ್ತಾದದ್ದರಲ್ಲಿ ಭಕ್ತಿ ಎಷ್ಟಿತ್ತೋ ಬೇಸಾಯದ ವಿವೇಕವೂ ಅಷ್ಟೇ ಇತ್ತು. ನಮ್ಮದು ರಾಗಿಯ ಸೀಮೆ. ಮಳೆಗಾಲದಲ್ಲಿ ಬಿತ್ತಿದ ರಾಗಿ ಕಾರ್ತೀಕದ ಆಚೀಚೆ ಕೊಯ್ಲಿಗೆ ಬರುತ್ತದೆ. ಮೆದೆ ಒಟ್ಟಿ, ಕಣ ಮಾಡಿ, ಗುಂಡು ಹೊಡೆದು, ತೂರಿ, ಕಾಳು ಮನೆ ಸೇರುವ ಹೊತ್ತಿಗೆ ಸಂಕ್ರಾಂತಿ ದಾಟಿರುತ್ತದೆ. ಅವರೆಕಾಯಿಯ ಸೊಗಡು ಮುಗಿದು, ಹುಣಸೆ ಬಡಿದು, ಯುಗಾದಿ ಕಳೆದರೆ ಮುಂಗಾರಿನ ಮೊದಲ ಹದದವರೆಗೆ ಹೊಲದಲ್ಲಿ ಮಾಡುವ ಕೆಲಸ ಕಡಿಮೆ. ಎತ್ತುಗಳಿಗೂ ಬಿಡುವು. ಮನೆಯಲ್ಲಿ ಕಾಳಿದೆ, ಹುಣಸೆ ಮಾರಿದ ಕಾಸಿದೆ, ಮಕ್ಕಳಿಗೆ ಶಾಲೆ ಮುಗಿಯುವ ಸಮಯ. ಎಲ್ಲಕ್ಕಿಂತ ಮುಖ್ಯವಾಗಿ ಆಕಾಶದಲ್ಲಿ ತುಂಬಿದ ಚಂದ್ರನಿದ್ದಾನೆ. ಬಿಸಿಲಿನ ಝಳದಲ್ಲಿ ಎತ್ತುಗಳು ನಡೆಯಲಾರವು, ಕತ್ತಲೆಯಲ್ಲಿ ದಾರಿ ಕಾಣದು. ಬೆಳದಿಂಗಳ ರಾತ್ರಿಯೇ ಗಾಡಿ ಹೂಡಲು ತಕ್ಕ ಕಾಲ. ಹೀಗೆ ಚಾಂದ್ರಮಾನದ ಹಬ್ಬವೊಂದು ದಾರಿದೀಪವನ್ನೂ ತಾನೇ ತಂದುಕೊಡುತ್ತಿತ್ತು. ಚಂದ್ರನನ್ನು ನೋಡಿ ತಿಂಗಳು ಎಣಿಸುವ ಮುಸ್ಲಿಮರಿಗೆ ಈ ಲೆಕ್ಕವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ತಯಾರಿ ಶುರುವಾಗುತ್ತಿದ್ದದ್ದು ಎತ್ತಿನ ಕಾಲಿನಿಂದ. ದೂರದ ದಾರಿಗೆ ಮೊದಲು ಲಾಳ ಕಟ್ಟಿಸಬೇಕು. ಹಳೆಯ ಮೈಸೂರಿನ ಅನೇಕ ಊರುಗಳಲ್ಲಿ ಈ ಕಸುಬು ಮುಸ್ಲಿಮರದು. ಎತ್ತನ್ನು ಹಗ್ಗದಲ್ಲಿ ಕಟ್ಟಿ ನೆಲಕ್ಕೆ ಕೆಡವಿ, ಗೊರಸು ಕೆತ್ತಿ, ಲಾಳ ಬಡಿಯುವಾಗಲೇ 'ಏನು ಗೌಡ್ರೇ, ಈ ಸಲ ಕರಗಕ್ಕೋ?' 'ಹೂಂ ಸಾಹೇಬ್ರೇ, ನಿಮ್ಮ ಮನೆಯವರೂ ದರ್ಗಾಕ್ಕೆ ಬರೋದಾದ್ರೆ ಗಾಡೀಲಿ ಜಾಗ ಐತೆ' ಎಂಬ ಮಾತು ನಡೆದುಹೋಗುತ್ತಿತ್ತು. ಆಮೇಲೆ ಕೀಲಿಗೆ ಎಣ್ಣೆ, ಗಾಡಿಗೆ ಕಮಾನು, ಹಾಸಲು ಹುಲ್ಲು. ಬುತ್ತಿಗೆ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ, ಹುರಿಗಾಳು. ಪೇಟೆಯಲ್ಲಿ ಕಾಸು ಕೊಟ್ಟು ಉಣ್ಣುವುದು ಹಲವರಿಗೆ ಆಗದ ಮಾತು. ಕೋಳಿ ಮಾರಿದ್ದು, ಹೊಂಗೆ ಬೀಜ ಆಯ್ದು ಮಾರಿದ್ದು, ಚೀಟಿ ಎತ್ತಿದ್ದು ಎಲ್ಲ ಸೇರಿದರೂ ಅದರಲ್ಲಿ ಹೆಚ್ಚಿನ ಪಾಲು ಬಟ್ಟೆಗೆ, ಬಳೆಗೆ, ಹರಕೆಗೆ.

ಎಲ್ಲರೂ ಹೋಗುವಂತಿರಲಿಲ್ಲ ಎಂಬುದನ್ನು ಮರೆಯಬಾರದು. ಮನೆಯಲ್ಲಿ ದನವಿದೆ, ಹಾಲು ಕರೆಯಬೇಕು, ಮುದುಕರಿಗೆ ಮುದ್ದೆ ಮಾಡಿ ಹಾಕಬೇಕು. ಉಳಿಯುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಬಹಳ ಮಟ್ಟಿಗೆ ಮೊದಲೇ ತೀರ್ಮಾನವಾಗಿರುತ್ತಿತ್ತು: ಸೊಸೆ. 'ಮುಂದಿನ ವರ್ಷ ನೀನು ಹೋಗುವಿಯಂತೆ' ಎಂಬ ಮಾತು ಎಷ್ಟು ಮನೆಗಳಲ್ಲಿ ಎಷ್ಟು ವರ್ಷ ನಡೆದಿದೆಯೋ! ಬೆಂಗಳೂರಿನ ಬಣ್ಣನೆಯನ್ನು ಕೇಳಿ ಕೇಳಿಯೇ ಮುದುಕಿಯರಾದ ಹೆಂಗಸರು ಗಂಡಸರಿಗಿಂತ ಚೆನ್ನಾಗಿ ಅದನ್ನು ಬಣ್ಣಿಸಬಲ್ಲರು.

ಪೇಟೆಯ ಪಯಣವೆಂದರೆ ಸದಾ ಸಡಗರವೆಂದೂ ತಿಳಿಯಬೇಕಾಗಿಲ್ಲ. 1876ರಿಂದ 1878ರವರೆಗಿನ ಧಾತು ಈಶ್ವರ ಬರಗಾಲದಲ್ಲಿ ಮೈಸೂರು ಸೀಮೆಯ ಜನಸಂಖ್ಯೆಯ ಸುಮಾರು ಐದನೇ ಒಂದು ಪಾಲು ಅಳಿದುಹೋಯಿತು. ಆಗಲೂ ಹಳ್ಳಿಯ ಜನ ಬೆಂಗಳೂರಿನ ದಾರಿ ಹಿಡಿದರು, ಗಂಜಿಗಾಗಿ. ಬೆಂಗಳೂರಿನಿಂದ ಮೈಸೂರಿಗೆ ಹಾಕಿದ ರೈಲುದಾರಿಗೆ ಆ ಬರಗಾಲದ ಪರಿಹಾರ ಕಾಮಗಾರಿಯಾಗಿಯೇ ಮಣ್ಣು ಹೊತ್ತದ್ದು. ಇಪ್ಪತ್ತು ವರ್ಷದ ಬಳಿಕ, 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ದಾರಿ ತಿರುವುಮುರುವಾಯಿತು. ಪೇಟೆಯವರೇ ಮನೆಗಳಿಗೆ ಬೀಗ ಹಾಕಿ ಹೊರಗೆ ಓಡಿದರು. ಅಂಥ ಕಾಲಗಳನ್ನು ಕಂಡ ತಲೆಮಾರಿನವರಿಗೆ, ಹಸಿವಿಲ್ಲದೆ, ರೋಗದ ಭಯವಿಲ್ಲದೆ, ಸುಮ್ಮನೆ ನೋಡುವುದಕ್ಕಾಗಿ ಪೇಟೆಗೆ ಹೋಗುವುದೆಂದರೆ ಸಣ್ಣ ಸುಖವಲ್ಲ.

1890ರ ದಶಕದ ಆರಂಭದಲ್ಲಿ ಯಶವಂತಪುರದಿಂದ ದೊಡ್ಡಬಳ್ಳಾಪುರದ ಮೇಲೆ ಹಿಂದೂಪುರಕ್ಕೆ ಮೀಟರ್ ಗೇಜ್ ರೈಲು ಬಂತು. ದೊಡ್ಡಬಳ್ಳಾಪುರದವರೆಗೆ ಗಾಡಿ ಕಟ್ಟಿ ಅಥವಾ ನಡೆದು ಹೋಗಿ ರೈಲು ಹತ್ತಿದರೆ ಆಯಿತು. ಅದೇ ದಶಕದಲ್ಲಿ ಇನ್ನೊಂದು ಪ್ರಯಾಣವೂ ಆರಂಭವಾಯಿತು. ನಂದಿ ಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಕೆರೆಗಳ ಮೇಲೆ ಹರಿದುಬರುವ ಅರ್ಕಾವತಿಯ ನೀರನ್ನು ಹೆಸರಘಟ್ಟದಲ್ಲಿ ತಡೆದು ಬೆಂಗಳೂರಿನ ನಲ್ಲಿಗಳಿಗೆ ಹರಿಸಲಾಯಿತು. ನಮ್ಮ ಸೀಮೆಯ ಜನ ವರ್ಷಕ್ಕೊಮ್ಮೆ ಪೇಟೆಗೆ ಹೋದರೆ, ನಮ್ಮ ಸೀಮೆಯ ನೀರು ದಿನವೂ ಹೋಯಿತು. ಇಲ್ಲಿ ನೇಯ್ದ ಸೀರೆಗಳೂ ಹಾಗೆಯೇ ಹೋದವು.

ಹೋದವರು ಕಂಡ ಬೆಂಗಳೂರು ಒಂದಲ್ಲ, ಎರಡು. ಮಹಾರಾಜರ ಆಡಳಿತದ ಪೇಟೆ ಒಂದು. 1809ರಲ್ಲಿ ಬ್ರಿಟಿಷರು ಕಟ್ಟಿದ 'ದಂಡು' ಇನ್ನೊಂದು. ಇವೆರಡೂ ಒಂದೇ ನಗರಪಾಲಿಕೆಗೆ ಸೇರಿದ್ದು 1949ರಲ್ಲಿ. ಹಳ್ಳಿಯ ಹಿಂದೂಗಳ ಬೆಂಗಳೂರು ಚಿಕ್ಕಪೇಟೆ, ಬಳೇಪೇಟೆಗಳಲ್ಲಿ ಮುಗಿದರೆ, ಮುಸ್ಲಿಮರಿಗೆ ದಂಡಿನಲ್ಲೂ ನೆಂಟರಿರುತ್ತಿದ್ದರು. ರಮಝಾನಿನ ಕೊನೆಯ ದಿನಗಳಲ್ಲಿ ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಸುತ್ತ ಸುತ್ತಾಡಿ ಬರುವುದು ಇವರ ಎರಡನೆಯ ಕನಸು. 1905ರಲ್ಲಿ ಪೇಟೆಯ ಬೀದಿಗಳಿಗೆ ವಿದ್ಯುದ್ದೀಪ ಬಂದಾಗ ಶಿವನಸಮುದ್ರದ ನೀರಿನಿಂದ ಬೆಳಕು ಬಂತಂತೆ ಎಂಬ ಸುದ್ದಿ ಹಳ್ಳಿಗಳಲ್ಲಿ ಎಷ್ಟು ಚರ್ಚೆಯಾಗಿರಬೇಡ! ತಂಗಲು ಛತ್ರಗಳಿದ್ದವು, ಮುಸಾಫಿರ್‌ಖಾನೆಗಳಿದ್ದವು. ರೈಲು ನಿಲ್ದಾಣದ ಎದುರಿಗೇ ಗುಬ್ಬಿ ತೋಟದಪ್ಪನವರ ಛತ್ರ ಬಂದ ಮೇಲೆ ಅದೆಷ್ಟೋ ಜನರಿಗೆ ಅದೇ ಬೆಂಗಳೂರಿನ ಮೊದಲ ಹೊಸಿಲು.

ಹಗಲು ನೋಡುವುದಕ್ಕೆ ಲಾಲ್‌ಬಾಗ್. ಇಲ್ಲಿ ನಮ್ಮ ಸೀಮೆಯ ಮಟ್ಟಿಗೆ ಒಂದು ಹಳೆಯ ಲೆಕ್ಕವಿದೆ. ಮೊಘಲರ ಸಿರಾ ಸುಬೇದಾರಿಕೆಯ ಏಳು ಪರಗಣಗಳಲ್ಲಿ ದೊಡ್ಡಬಳ್ಳಾಪುರವೂ ಒಂದು. ಹೈದರನ ತಂದೆ ಫತೇ ಮುಹಮ್ಮದ್ ಯುದ್ಧದಲ್ಲಿ ಮಡಿದ ಮೇಲೆ, ಇಲ್ಲಿಯ ಜಹಗೀರುದಾರ ಅಬ್ಬಾಸ್ ಕುಲಿ ಖಾನ್ ಆ ಕುಟುಂಬದ ಸೊತ್ತನ್ನು ಕಿತ್ತುಕೊಂಡ. ಇನ್ನೂ ಹಣ ಬರಲೆಂದು ಹುಡುಗರಾದ ಶಹಬಾಝ್ ಮತ್ತು ಹೈದರನನ್ನು ನಗಾರಿಯೊಳಗೆ ಕೂಡಿ ತೊಗಲು ಬಿಗಿಸಿದನೆಂದು ವಿಲ್ಕ್ಸ್ ತನ್ನ ಮೈಸೂರು ಚರಿತ್ರೆಯಲ್ಲಿ ಬರೆದಿದ್ದಾನೆ. 1761ರಲ್ಲಿ ಹೈದರ್ ದೊಡ್ಡಬಳ್ಳಾಪುರವನ್ನು ಗೆದ್ದಾಗ ಅಬ್ಬಾಸ್ ಕುಲಿ ಖಾನ್ ಊರು ಬಿಟ್ಟು ಓಡಿದ. ಅದಕ್ಕೆ ಒಂದು ವರ್ಷ ಮೊದಲು, 1760ರಲ್ಲಿ, ಇದೇ ಹೈದರ್ ಬೆಂಗಳೂರಿನಲ್ಲಿ ತೋಟ ಹಾಕಿಸಲು ತೊಡಗಿದ್ದ. ಸಿರಾದ ತೋಟಗಳೇ ಅದಕ್ಕೆ ಮಾದರಿ ಎಂದು ಹೇಳುವುದುಂಟು. ಮಗ ಟಿಪ್ಪು ದೂರ ದೇಶಗಳಿಂದ ಗಿಡ, ಬೀಜ ತರಿಸಿ ಬೆಳೆಸಿದ. 1856ರಲ್ಲಿ ಅದು ಸರ್ಕಾರಿ ಸಸ್ಯತೋಟವಾಯಿತು, 1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿತ್ತು. ನಗಾರಿಯೊಳಗೆ ಉಸಿರು ಕಟ್ಟಿದ ಹುಡುಗ ಹಾಕಿಸಿದ ತೋಟದಲ್ಲಿ ಅದೇ ದೊಡ್ಡಬಳ್ಳಾಪುರದ ಜನ ಬುತ್ತಿ ಬಿಚ್ಚಿ ಉಂಡು ಮರದಡಿ ಮಲಗಿದರು. ಹಾಗೆ ಮಲಗಿದವರಲ್ಲಿ ಎಷ್ಟು ಮಂದಿಗೆ ಇದು ಗೊತ್ತಿತ್ತೋ, ಮಲಗುವುದಕ್ಕೆ ಗೊತ್ತಿರಬೇಕಾಗಿಯೂ ಇರಲಿಲ್ಲ.

ರಾತ್ರಿ ಕರಗ. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ನಡುರಾತ್ರಿ ದಾಟಿದ ಮೇಲೆ, ಮಲ್ಲಿಗೆಯಿಂದ ಮುಚ್ಚಿದ ಕರಗವನ್ನು ಹೆಣ್ಣುವೇಷದ ಪೂಜಾರಿ ತಲೆಯ ಮೇಲೆ ಹೊತ್ತು ಹೊರಡುತ್ತಾರೆ. ಬಿಚ್ಚುಗತ್ತಿಯ ವೀರಕುಮಾರರು ಸುತ್ತುವರಿದಿರುತ್ತಾರೆ. ದ್ರೌಪದಿಯ ಈ ಹಬ್ಬ ತಿಗಳರದು; ಹೂವು, ತರಕಾರಿ ಬೆಳೆದು ಪೇಟೆಯನ್ನು ಪೋಷಿಸಿದ ತೋಟಗಾರರದು. ಸುತ್ತಲ ತಾಲ್ಲೂಕುಗಳ ಹಳ್ಳಿಗಳಲ್ಲೂ ಅವರ ಮನೆಗಳಿವೆ. ಹಾಗಾಗಿ ಅದು ಪೇಟೆಯಲ್ಲಿ ನಡೆಯುವ ಹಳ್ಳಿಯವರ ಹಬ್ಬ. ವರ್ಷವಿಡೀ ತಲೆಹೊರೆ ಇಳಿಸಿ ಚೌಕಾಸಿಗೆ ನಿಲ್ಲುತ್ತಿದ್ದ ಬೀದಿಗಳಲ್ಲಿ ಆ ಒಂದು ರಾತ್ರಿ ಅವರೇ ಒಡೆಯರು, ಪೇಟೆಯ ವರ್ತಕರು ಬಾಗಿಲಲ್ಲಿ ನಿಂತು ನೋಡುವವರು.

ಆ ಮೆರವಣಿಗೆ ಕಾಟನ್‌ಪೇಟೆಯ ಹಝ್ರತ್ ತವಕ್ಕಲ್ ಮಸ್ತಾನರ ದರ್ಗಾಕ್ಕೂ ಹೋಗುತ್ತದೆ. ಮಸ್ತಾನರು ಹೈದರನ ಕಾಲದಲ್ಲಿ ಬೆಂಗಳೂರಿಗೆ ಬಂದ ಸೂಫಿಯೆಂಬುದು ಪ್ರತೀತಿ. ಕರಗ ನೋಡಲು ನಿಂತ ಅವರಿಗೆ ನೂಕುನುಗ್ಗಲಿನಲ್ಲಿ ಗಾಯವಾಯಿತು, ಪೂಜಾರಿ ಅರಿಶಿನ ಕುಂಕುಮ ಹಚ್ಚಿ ವಾಸಿಮಾಡಿದರು, ತನ್ನ ಕಾಲದ ನಂತರವೂ ಕರಗ ಬಂದುಹೋಗಲಿ ಎಂದು ಅವರು ಕೇಳಿಕೊಂಡರು ಎಂಬುದು ಜನ ಹೇಳುವ ಒಂದು ಕಥೆ. ಕಥೆಯ ನಿಜ ಏನೇ ಇರಲಿ, ಅದರಿಂದ ಒಂದೇ ಗಾಡಿಯಲ್ಲಿ ಹೊರಟ ಗೌಡರ ಮನೆಯವರಿಗೂ ಸಾಹೇಬರ ಮನೆಯವರಿಗೂ ಕೊನೆಯ ನಿಲ್ದಾಣ ಒಂದೇ ಆಗಿತ್ತು ಎಂಬುದು ಮಾತ್ರ ನಿಜ. ಇವರು ದರ್ಗಾದ ಅಂಗಳದಲ್ಲಿ ಹರಕೆ ಒಪ್ಪಿಸಿ ಕಾಯುತ್ತಿದ್ದರು, ಅವರು ಕರಗದ ಹಿಂದೆ ಬರುತ್ತಿದ್ದರು. ಗಾಡಿ ಬಿಟ್ಟ ಜಾಗಕ್ಕೆ ಒಟ್ಟಿಗೆ ಹಿಂತಿರುಗುತ್ತಿದ್ದರು.

ಇದು ತಾನಾಗಿ ಉಳಿದುಬಂದದ್ದಲ್ಲ. ಕೊರೋನಾದಿಂದಾಗಿ 2020 ಮತ್ತು 2021ರಲ್ಲಿ ಸಾರ್ವಜನಿಕರಿಲ್ಲದೆ ನಡೆದ ಕರಗ 2022ರ ಏಪ್ರಿಲ್‌ನಲ್ಲಿ ಮತ್ತೆ ಬೀದಿಗೆ ಬರುವಾಗ, ಅದು ದರ್ಗಾಕ್ಕೆ ಹೋಗಕೂಡದೆಂದು ಕೆಲವು ಸಂಘಟನೆಗಳು ಒತ್ತಾಯಿಸಿದವು. ರಾಜ್ಯದಲ್ಲಿ ಹಿಜಾಬ್, ಹಲಾಲ್, ಜಾತ್ರೆಗಳಲ್ಲಿ ಮುಸ್ಲಿಮರ ಅಂಗಡಿ ಎಂದು ದಿನಕ್ಕೊಂದು ವಿವಾದ ಎದ್ದಿದ್ದ ದಿನಗಳವು. ದರ್ಗಾದವರು ದೇವಸ್ಥಾನಕ್ಕೆ ಹೋಗಿ ಎಂದಿನಂತೆ ಬರಬೇಕೆಂದು ಆಹ್ವಾನಿಸಿದರು. ಕರಗ ಸಮಿತಿಯವರು ಸಂಪ್ರದಾಯ ಬಿಡುವುದಿಲ್ಲವೆಂದರು. ಕರಗ ದರ್ಗಾಕ್ಕೆ ಹೋಯಿತು.

ಇನ್ನು ಬಸ್ಸಿನ ಕಾಲ. 1948ರಲ್ಲಿ ಮೈಸೂರು ಸರ್ಕಾರ ತನ್ನದೇ ಬಸ್ಸುಗಳನ್ನು ಬಿಟ್ಟಿತು. ನಿಧಾನವಾಗಿ ರಸ್ತೆಗಳಾದವು. ಹುಣ್ಣಿಮೆಯ ಬೆಳಕಿನ ಅಗತ್ಯ ಹೋಯಿತು, ಎರಡು ದಿನದ ಪಯಣ ಒಂದು ದಿನಕ್ಕೆ ಇಳಿಯಿತು. ನೋಡುವ ಪಟ್ಟಿಗೆ ಹೊಸ ಹೆಸರುಗಳು ಸೇರಿದವು. 1956ರಲ್ಲಿ ಮುಗಿದ ವಿಧಾನಸೌಧದ ದೀಪಾಲಂಕಾರ, ಕೆಂಪೇಗೌಡ ರಸ್ತೆಯ ಟಾಕೀಸುಗಳು. 1972ರ 'ಬಂಗಾರದ ಮನುಷ್ಯ' ಚಿತ್ರ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿತು. ಹಳ್ಳಿಗೆ ಹೋಗಿ ಬೇಸಾಯ ಮಾಡಿದವನ ಕಥೆಯನ್ನು ನೋಡಲು ಬೇಸಾಯಗಾರರೇ ಬಸ್ಸು ಹತ್ತಿ ಪೇಟೆಗೆ ಹೋದರು! ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ ಬಸ್ ನಿಲ್ದಾಣವಾಯಿತು. ಮೆಜೆಸ್ಟಿಕ್ ಟಾಕೀಸು ಈಗಿಲ್ಲ, ಸಾಗರ್ ಇಲ್ಲ, ಕಪಾಲಿ ಇಲ್ಲ. ಕಂಡಕ್ಟರ ಬಾಯಲ್ಲಿ ಮಾತ್ರ 'ಮೆಜೆಸ್ಟಿಕ್' ಉಳಿದಿದೆ.

ಈಗ ಪೇಟೆಯೇ ಎದ್ದು ಬಂದಿದೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಬಂತು. ದೊಡ್ಡಬಳ್ಳಾಪುರದ ಸುತ್ತ ಕಾರ್ಖಾನೆ, ಗಾರ್ಮೆಂಟ್ಸ್ ಬಂದವು. ದೊಡ್ಡಬೆಳವಂಗಲದ ರಸ್ತೆ ರಾಷ್ಟ್ರೀಯ ಹೆದ್ದಾರಿಯಾಯಿತು. ರಾಗಿ ಹೊಲಗಳಲ್ಲಿ ನಿವೇಶನದ ಕಲ್ಲುಗಳು ಎದ್ದಿವೆ. ದಿನವೂ ಬೆಂಗಳೂರಿಗೆ ದುಡಿಯಲು ಹೋಗಿಬರುವ ಹುಡುಗರಿಗೆ ಬೆಂಗಳೂರು ನೋಡುವ ಆಸೆ ಉಳಿದಿಲ್ಲ. ರಜೆಯ ದಿನ ಅವರಿಗೆ ಬೇಕಾದದ್ದು ನಿದ್ದೆ.

ಆಸೆ ಉಳಿದಿರುವುದು ಹಿಂದೆ ಮನೆಯಲ್ಲೇ ಉಳಿದವರಲ್ಲಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದು ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡು ತಪ್ಪಿದಾಗ, ಬಸ್ಸು ತುಂಬಿ ಹೊರಟ ಸೀರೆ, ಬುರ್ಖಾಗಳನ್ನು ಕಂಡು ನಕ್ಕವರು ಬಹಳ. ಹೆಂಗಸರು ಕೆಲಸವಿಲ್ಲದೆ ತಿರುಗುತ್ತಾರೆಂದು ದೂರಿದವರೂ ಇದ್ದರು. ಗಂಡಸರು ಕರಗಕ್ಕೆ ಗಾಡಿ ಹೂಡುತ್ತಿದ್ದಾಗ ಯಾರೂ ಹಾಗೆ ದೂರಿದಂತಿಲ್ಲ. ಆಧಾರ್ ಕಾರ್ಡು ಹಿಡಿದು ಬೆಳಗಿನ ಬಸ್ಸಿಗೆ ನಿಂತ ಅತ್ತೆ ಸೊಸೆಯರಿಗೆ ಈಗ ಕೋಳಿ ಮಾರಿ ಕಾಸು ಕೂಡಿಡುವ ತಾಪತ್ರಯವಿಲ್ಲ. ಸಂಜೆ ಹಾಲು ಕರೆಯುವವರು ಯಾರು ಎಂಬುದೊಂದೇ ಇನ್ನೂ ಬಗೆಹರಿಯಬೇಕು.